ಅಂಗಡಿಯವರು ಕೇಳದ ಪ್ರಶ್ನೆ: ನಿಮ್ಮ ಕಾಲಿನ ಅಗಲ ಎಷ್ಟು?

ಶೂ ಅಂಗಡಿಗೆ ಹೋದರೆ ಮೊದಲು ಕೇಳುವುದು ಒಂದೇ ಮಾತು: ‘ಎಷ್ಟು ನಂಬರ್?’ ನಾವು ಏಳು ಅಂತಲೋ ಎಂಟು ಅಂತಲೋ ಹೇಳುತ್ತೇವೆ. ಅವರು ಡಬ್ಬಿ ತೆಗೆದು ಮುಂದಿಡುತ್ತಾರೆ. ಆ ನಂಬರ್ ಹೇಳುವುದು ಕಾಲಿನ ಉದ್ದವನ್ನು ಮಾತ್ರ. ಅಗಲ ಎಷ್ಟು ಎಂದು ಅವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಚಪ್ಪಲಿ ಕೊಳ್ಳುವಾಗ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಕಿರುಬೆರಳು ಒಂಚೂರು ಹೊರಗೆ ಬಂದರೂ ನಡೆಯುತ್ತದೆ, ನಾಲ್ಕು ದಿನಕ್ಕೆ ಪಟ್ಟಿ ಸಡಿಲಾಗುತ್ತದೆ. ಆದರೆ ಸೈಕಲ್ ರೇಸಿಗೆ ಇಳಿಯುವ ಹುಡುಗ ಹುಡುಗಿಯರು ಹಾಕುವ ಕ್ಲಿಪ್‌ಲೆಸ್ ಶೂ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಅಗಲ ಬಿಟ್ಟು ಉದ್ದ ಮಾತ್ರ ನೋಡಿದರೆ ಕಾಲು ಕೆಡುತ್ತದೆ, ಸಾವಿರಾರು ರೂಪಾಯಿ ಹಾಳಾಗುತ್ತದೆ, ಕೆಲವೊಮ್ಮೆ ಸೈಕ್ಲಿಂಗ್ ಆಸೆಯೇ ಹೋಗುತ್ತದೆ.

ವಿಜಯಪುರ, ಬಾಗಲಕೋಟೆ ಕಡೆಯ ಓದುಗರಿಗೆ ಸೈಕ್ಲಿಂಗ್ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ರಾಷ್ಟ್ರಮಟ್ಟದಲ್ಲಿ ಪದಕ ತಂದ ಎಷ್ಟೋ ಸವಾರರು ಈ ಭಾಗದ ಹಳ್ಳಿಗಳಿಂದಲೇ ಬಂದವರು. ಎರಡೂ ಊರುಗಳಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್‌ಗಳಿವೆ. ಹೊಲದಲ್ಲಿ, ಅಂಗಳದಲ್ಲಿ, ಶಾಲೆಯ ದಾರಿಯಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದ ಮಕ್ಕಳೇ ಇಲ್ಲಿ ಹೆಚ್ಚು. ಅವರ ಪಾದದ ಮುಂಭಾಗ ಹರಡಿಕೊಂಡಿರುತ್ತದೆ. ಅಂಥ ಕಾಲನ್ನು ಯುರೋಪಿನ ಅಚ್ಚಿನಲ್ಲಿ ತಯಾರಾದ ಕಿರಿದಾದ ಶೂಗೆ ತುರುಕಿ, ‘ಹಾಕ್ತಾ ಹಾಕ್ತಾ ಸರಿ ಆಗ್ತದ’ ಎಂದು ಸಮಾಧಾನ ಹೇಳುವುದನ್ನು ನಾವು ನಿಲ್ಲಿಸಬೇಕು ಎಂಬುದು ನನ್ನ ವಾದ.

ಹೆಸರು ಕ್ಲಿಪ್‌ಲೆಸ್, ಆದರೂ ಕಾಲು ಕಟ್ಟಿಹಾಕುತ್ತದೆ

ಗೊತ್ತಿಲ್ಲದವರಿಗಾಗಿ ಎರಡು ಮಾತು. ಹಿಂದೆ ರೇಸ್ ಸೈಕಲ್ಲುಗಳ ಪೆಡಲ್ ಮೇಲೆ ಒಂದು ಕಬ್ಬಿಣದ ಪಂಜರ ಇರುತ್ತಿತ್ತು. ಅದರೊಳಗೆ ಕಾಲಿನ ತುದಿ ತೂರಿಸಿ ಚರ್ಮದ ಪಟ್ಟಿ ಬಿಗಿಯುತ್ತಿದ್ದರು. ಆ ಪಂಜರಕ್ಕೆ ಟೋ ಕ್ಲಿಪ್ ಎಂದು ಹೆಸರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಹಿಮದ ಮೇಲೆ ಜಾರುವ ಸ್ಕೀ ಆಟದ ಕೊಂಡಿಯ ತಂತ್ರವನ್ನು ಸೈಕಲ್ಲಿಗೆ ತಂದಿತು. ಮರುವರ್ಷ, 1985ರಲ್ಲಿ, ಬರ್ನಾರ್ಡ್ ಇನೋ ಇದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಪಂಜರ ಹೋಯಿತು, ಅದಕ್ಕೇ ಕ್ಲಿಪ್‌ಲೆಸ್ ಎಂಬ ಹೆಸರು ಬಂತು.

ಶೂ ಅಡಿಯಲ್ಲಿ ಕ್ಲೀಟ್ ಎಂಬ ಸಣ್ಣ ತುಂಡನ್ನು ಬೋಲ್ಟ್ ಹಾಕಿ ಕೂರಿಸುತ್ತಾರೆ. ಪೆಡಲ್ ಮೇಲೆ ಒತ್ತಿದರೆ ಅದು ಕಟಕ್ ಎಂದು ಕೂರುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ. ಏರಿನಲ್ಲಿ, ವೇಗದಲ್ಲಿ ಕಾಲು ಜಾರುವುದಿಲ್ಲ. ರೇಸ್ ಮಾಡುವವರಿಗೆ ಇದು ಬೇಕೇ ಬೇಕು.

ತೊಂದರೆ ಶುರುವಾಗುವುದೂ ಇಲ್ಲಿಂದಲೇ. ನಡೆಯುವ ಶೂ ಬಾಗುತ್ತದೆ. ನಡೆಯುವಾಗ ಕಾಲು ಒಂದು ಹೆಜ್ಜೆ ಊರಿ ಮತ್ತೊಂದು ಹೆಜ್ಜೆಗೆ ಎದ್ದು ಸ್ವಲ್ಪ ಬಿಡುವು ಪಡೆಯುತ್ತದೆ. ರೇಸ್ ಶೂಗಳ ತಳ ಗಟ್ಟಿ ಪ್ಲಾಸ್ಟಿಕ್ ಅಥವಾ ಕಾರ್ಬನ್ನಿನದು, ಬಾಗುವುದಿಲ್ಲ. ಮೇಲ್ಭಾಗ ಬಹುತೇಕ ಕೃತಕ ಚರ್ಮ, ಹಿಗ್ಗುವುದು ಕಡಿಮೆ. ಕಾಲು ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಕೂತಿರುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 5,400 ಸುತ್ತು, ಮೂರು ಗಂಟೆಯ ಅಭ್ಯಾಸಕ್ಕೆ 16,200 ಸುತ್ತು. ಅಷ್ಟೂ ಸಲ ಹೆಬ್ಬೆರಳ ಬುಡದ ಗಂಟು ಮತ್ತು ಕಿರುಬೆರಳ ಬುಡ ಶೂ ಗೋಡೆಗೆ ಒತ್ತಿಕೊಳ್ಳುತ್ತವೆ.

ಪಾದದ ಮುಂಭಾಗದ ಉದ್ದ ಮೂಳೆಗಳ ನಡುವೆ ಬೆರಳುಗಳಿಗೆ ಹೋಗುವ ಸಣ್ಣ ನರಗಳಿವೆ. ಎರಡೂ ಕಡೆಯಿಂದ ಹಿಂಡಿದಾಗ ಆ ನರಗಳು ಇಕ್ಕಟ್ಟಿಗೆ ಸಿಗುತ್ತವೆ. ಮೊದಲು ಜೋಮು ಹಿಡಿಯುತ್ತದೆ, ಆಮೇಲೆ ಪಾದದಡಿ ಕೆಂಡ ತುಳಿದ ಹಾಗೆ ಉರಿ. ವರ್ಷಗಟ್ಟಲೆ ಹೀಗೇ ಬಿಟ್ಟರೆ ನರದ ಸುತ್ತ ಊತ ಬಂದು ಗಂಟಿನ ಹಾಗೆ ದಪ್ಪವಾಗಬಹುದು, ಹೆಬ್ಬೆರಳು ಒಳಕ್ಕೆ ವಾಲಬಹುದು. ಗುಳ್ಳೆ, ಆಣಿಗಳಂತೂ ಇದ್ದದ್ದೇ.

ಇದರಲ್ಲಿ ಅಪಾಯವೂ ಇದೆ. ಜೋಮು ಹಿಡಿದ ಕಾಲಿಗೆ ಶೂ ಬಿಡಿಸಿಕೊಂಡಿತೋ ಇಲ್ಲವೋ ಸರಿಯಾಗಿ ತಿಳಿಯುವುದಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ಗಕ್ಕನೆ ನಿಲ್ಲಬೇಕಾದಾಗ ಕಾಲು ಬಿಡಿಸುವುದು ಒಂದು ಕ್ಷಣ ತಡವಾದರೂ ಸವಾರ ಸೈಕಲ್ ಸಮೇತ ನೆಲಕ್ಕೆ ಬೀಳುತ್ತಾನೆ.

ತಪ್ಪು ಕಾಲಿನದಲ್ಲ

‘ನಿನ್ನ ಕಾಲೇ ಸರಿ ಇಲ್ಲ’ ಎಂಬ ಮಾತನ್ನು ಅಗಲ ಪಾದದ ಮಕ್ಕಳು ಕೇಳಿಸಿಕೊಂಡೇ ಬೆಳೆಯುತ್ತಾರೆ. ಹೆಣ್ಣುಮಕ್ಕಳಿಗಂತೂ ಇದು ಹೆಚ್ಚು. ‘ಗಂಡಸರ ಕಾಲಿದ್ದಂಗ ಅದ’ ಎಂದು ಮನೆಯವರೇ ನಗುತ್ತಾರೆ. ಸಂಶೋಧನೆಗಳು ಹೇಳುವುದು ಬೇರೆ.

ನಮ್ಮ ಕರಾವಳಿಯ ಇಬ್ಬರು ಮೂಳೆ ವೈದ್ಯರು, ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್, 2,300 ಮಕ್ಕಳ ಪಾದದ ಗುರುತು ತೆಗೆದು 1992ರಲ್ಲಿ ಪ್ರಬಂಧ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದ ಇತ್ತು. ಬರಿಗಾಲಲ್ಲಿ ಓಡಾಡುವವರಲ್ಲಿ ಅದು ಶೇ. 2.8 ಮಾತ್ರ. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಸಮಸ್ಯೆ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ ಕಂಡಿತು. 2009ರಲ್ಲಿ ಬೆಲ್ಜಿಯಂ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಬರಿಗಾಲ ನಡಿಗೆಯವರನ್ನು ಶೂ ಹಾಕುವವರ ಜೊತೆ ಹೋಲಿಸಿ ನೋಡಿದ್ದಾರೆ. ಬರಿಗಾಲಿನವರ ಪಾದ ಅಗಲವಾಗಿತ್ತು, ಮೈಭಾರ ಪಾದದುದ್ದಕ್ಕೂ ಹೆಚ್ಚು ಸಮನಾಗಿ ಹಂಚಿಹೋಗುತ್ತಿತ್ತು. ಹರಡಿದ ಪಾದವೆಂದರೆ ಚೆನ್ನಾಗಿ ದುಡಿಯುವ ಪಾದ.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದವನ್ನು ಯಂತ್ರದಲ್ಲಿ ಅಳೆಯಿತು. ಯುರೋಪಿಯನ್ನರು, ಅಮೆರಿಕನ್ನರಿಗಿಂತ ಭಾರತೀಯರ ಪಾದ ಅಗಲ ಎಂಬುದು ಅದರಿಂದ ಗೊತ್ತಾಯಿತು. ಬ್ರಿಟಿಷರ ಕಾಲದಿಂದ ಬಂದ ಸೈಜಿನ ಬದಲು ನಮ್ಮದೇ ಅಳತೆ ಇರಲಿ ಎಂದು ‘ಭ’ ಎಂಬ ಹೆಸರಿನ ಸೈಜ್ ಪದ್ಧತಿಯನ್ನು ಸೂಚಿಸಿದ್ದಾರೆ. ‘ಭ’ ಎಂದರೆ ಭಾರತ. ಅಗಲ ಪಾದ ನಿಮ್ಮೊಬ್ಬರ ಮನೆಯ ಸಮಸ್ಯೆ ಅಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಒಂದು ನಂಬರ್ ದೊಡ್ಡದು ಕೊಂಡರೆ?

ಎಲ್ಲರೂ ಮಾಡುವ ಉಪಾಯ ಇದು. 42 ಬಿಗಿಯಾದರೆ 43, ಅದೂ ಬಿಗಿಯಾದರೆ 44. ಅಂಗಡಿಯವರೂ ಇದನ್ನೇ ಹೇಳುತ್ತಾರೆ, ಏಕೆಂದರೆ ಅವರ ಬಳಿ ಇರುವುದು ಅದೇ.

ಯುರೋಪಿನ ಸೈಜಿನಲ್ಲಿ ಒಂದು ನಂಬರ್ ಹೆಚ್ಚಾದರೆ ಅಚ್ಚಿನ ಉದ್ದ ಸುಮಾರು 6.7 ಮಿಲಿಮೀಟರ್ ಹೆಚ್ಚುತ್ತದೆ. ಅಗಲ ಅಷ್ಟು ಹೆಚ್ಚುವುದಿಲ್ಲ, ಒಂದೆರಡು ಮಿಲಿಮೀಟರ್ ಸಿಕ್ಕರೆ ಹೆಚ್ಚು. ನಿಮಗೆ ಬೇಕಾದ ಅಗಲ ಸಿಗುವ ಹೊತ್ತಿಗೆ ಶೂ ಒಂದೂವರೆ ಸೆಂಟಿಮೀಟರ್ ಉದ್ದವಾಗಿರುತ್ತದೆ.

ಆಗ ಹಿಮ್ಮಡಿ ಒಳಗೆ ಎದ್ದು ಎದ್ದು ಬೀಳುತ್ತದೆ, ತಿಕ್ಕಿ ಗುಳ್ಳೆ ಬರುತ್ತದೆ. ಶೂ ಒಳಗಿನ ಉಬ್ಬು ಪಾದದ ಕಮಾನಿಗೆ ಹೊಂದುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಕ್ಲೀಟ್ ಕೂರಿಸುವ ತೂತುಗಳು ಮುಂದಕ್ಕೆ ಹೋಗುತ್ತವೆ. ಕ್ಲೀಟ್ ಇರಬೇಕಾದ್ದು ಪಾದದ ಅತಿ ಅಗಲದ ಭಾಗದ ಕೆಳಗೆ ಅಥವಾ ಅದಕ್ಕಿಂತ ತುಸು ಹಿಂದೆ. ಅದು ಬೆರಳುಗಳ ಕಡೆ ಹೋದರೆ ಪ್ರತಿ ತುಳಿತದ ಭಾರ ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ಸ್ನಾಯುಪಟ್ಟಿಯ ಮೇಲೆ ಬೀಳುತ್ತದೆ. ಕಾಲ್ಬೆರಳ ನೋವು ತಪ್ಪಿಸಲು ಹೋಗಿ ಹಿಮ್ಮಡಿ ನೋವು ತಂದುಕೊಂಡಂತೆ.

‘ಹಾಕ್ತಾ ಹಾಕ್ತಾ ಸಡ್ಲ ಆಗ್ತದ’ ಎಂಬ ಮಾತೂ ಅಷ್ಟೆ. ಅದು ಚರ್ಮದ ಚಪ್ಪಲಿಯ ಅನುಭವದಿಂದ ಬಂದ ಮಾತು, ಅಲ್ಲಿಗೆ ನಿಜ. ಕೃತಕ ಚರ್ಮಕ್ಕೂ ಕಾರ್ಬನ್ ತಳಕ್ಕೂ ಅದು ಒಪ್ಪುವುದಿಲ್ಲ. ಮೊದಲ ದಿನ ಹಿಂಡುವ ರೇಸ್ ಶೂ ನೂರನೇ ದಿನವೂ ಹಿಂಡುತ್ತದೆ.

ಒಂದು ಹಾಳೆ, ಒಂದು ಪೆನ್ಸಿಲ್

ಅಳತೆಗೆ ಯಂತ್ರ ಬೇಡ. ಸಂಜೆ ಹೊತ್ತು ಅಳೆಯಿರಿ, ದಿನವಿಡೀ ಓಡಾಡಿದ ಕಾಲು ಬೆಳಿಗ್ಗೆಗಿಂತ ತುಸು ಊದಿರುತ್ತದೆ. ಸೈಕಲ್ ಹೊಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಳ್ಳಿ. ಗೋಡೆಗೆ ತಾಗಿಸಿ ಹಾಳೆ ಇಟ್ಟು, ಹಿಮ್ಮಡಿ ಗೋಡೆಗೆ ತಾಗುವಂತೆ ನಿಂತುಕೊಳ್ಳಿ. ಕೂತು ಅಳೆಯಬೇಡಿ, ಮೈಭಾರ ಬಿದ್ದಾಗಲೇ ಪಾದ ಹರಡುವುದು. ಇನ್ನೊಬ್ಬರ ಕೈಯಲ್ಲಿ ಪೆನ್ಸಿಲ್ ನೆಟ್ಟಗೆ ಹಿಡಿಸಿ ಸುತ್ತ ಗೆರೆ ಎಳೆಸಿ. ಗೋಡೆಯಿಂದ ಅತಿ ಉದ್ದದ ಬೆರಳಿನವರೆಗೆ ಉದ್ದ, ಹೆಬ್ಬೆರಳ ಗಂಟಿನಿಂದ ಕಿರುಬೆರಳ ಬುಡದವರೆಗೆ ಅಗಲ. ಎರಡನ್ನೂ ಮಿಲಿಮೀಟರಿನಲ್ಲಿ ಬರೆದಿಡಿ. ಎರಡೂ ಕಾಲು ಅಳೆಯಿರಿ. ಹೆಚ್ಚಿನವರಿಗೆ ಒಂದು ಕಾಲು ತುಸು ದೊಡ್ಡದಿರುತ್ತದೆ, ಶೂ ಕೊಳ್ಳಬೇಕಾದ್ದು ದೊಡ್ಡ ಕಾಲಿಗೆ.

ಕಂಪನಿಗಳ ಸೈಜ್ ಪಟ್ಟಿಯಲ್ಲಿ ಅಗಲವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ಗಂಡಸರ ಶೂಗಳಲ್ಲಿ ‘ಡಿ’ ಎಂದರೆ ಸಾಮಾನ್ಯ. ‘ಇ’, ‘2ಇ’, ‘4ಇ’ ಎಂದು ಹೋದಂತೆ ಅಗಲ ಹೆಚ್ಚು. ಹೆಂಗಸರ ಶೂಗಳಲ್ಲಿ ‘ಬಿ’ಯೇ ಸಾಮಾನ್ಯ ಅಗಲ, ಅಂದರೆ ಇನ್ನೂ ಕಿರಿದು. ಹೀಗಾಗಿ ಅಗಲ ಪಾದದ ಹುಡುಗಿಯರು ಗಂಡಸರ ಮಾದರಿಯನ್ನು ಹಾಕಿ ನೋಡುವುದರಲ್ಲಿ ನಾಚಿಕೆ ಬೇಡ. ಕಾಲಿಗೆ ಹೊಂದಿದ್ದೇ ಸರಿಯಾದ ಶೂ.

ಅಗಲ ಪಾದದವರಿಗೆಂದೇ ಮಾಡುವ ಶೂಗಳು ಲೋಕದಲ್ಲಿ ಇಲ್ಲದೇ ಇಲ್ಲ. ಜಪಾನಿನ ಶಿಮಾನೊ ಕೆಲವು ಮಾದರಿಗಳನ್ನು ‘ವೈಡ್’ ಎಂದು ಬೇರೆಯಾಗಿ ಮಾಡುತ್ತದೆ. ಲೇಕ್ ಕಂಪನಿ ಅಗಲದಲ್ಲೇ ಎರಡು ಮೂರು ಬಗೆ ಕೊಡುತ್ತದೆ. ಇಟಲಿಯ ಸಿಡಿಯಲ್ಲಿ ‘ಮೆಗಾ’ ಎಂಬ ಅಗಲದ ಮಾದರಿಗಳಿವೆ. ಆಸ್ಟ್ರೇಲಿಯಾದ ಬಾಂಟ್ ಶೂಗಳನ್ನು ಬಿಸಿ ಮಾಡಿ ಕಾಲಿನ ಆಕಾರಕ್ಕೆ ಒತ್ತಿಕೊಳ್ಳಬಹುದು. ಬೇರೆ ಕಂಪನಿಯ ಶೂಗೆ ಈ ಪ್ರಯೋಗ ಮಾಡಿದರೆ ಅಂಟು ಬಿಟ್ಟು ಶೂ ಹಾಳಾಗುತ್ತದೆ, ಎಚ್ಚರ. ನಮ್ಮ ಊರಿನ ಅಂಗಡಿಗಳಲ್ಲಿ ಇವೆಲ್ಲ ಕಾಣುವುದು ಕಷ್ಟ, ಬೆಲೆಯೂ ಹೆಚ್ಚು. ಆದರೂ ‘ವೈಡ್ ಇದೆಯಾ?’ ಎಂದು ಕೇಳಬೇಕು. ಹತ್ತು ಜನ ಕೇಳಿದ ಮೇಲೆ ಅಂಗಡಿಯವರು ತರಿಸುತ್ತಾರೆ. ಯಾರೂ ಕೇಳದ ಮಾಲನ್ನು ಅವರು ಏಕೆ ಇಟ್ಟುಕೊಳ್ಳುತ್ತಾರೆ?

ಶೂ ಕೈಗೆ ಬಂದ ಮೇಲೆ ಒಂದು ಸುಲಭ ಪರೀಕ್ಷೆ ಇದೆ. ಒಳಗಿನ ಮೆತ್ತೆಯನ್ನು ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದ ಮೆತ್ತೆಯ ಅಂಚು ದಾಟಿ ಹೊರಗೆ ಚೆಲ್ಲಿದರೆ ಆ ಶೂ ನಿಮ್ಮದಲ್ಲ. ಚೆಲ್ಲದಿದ್ದರೆ ಹಾಕಿಕೊಂಡು ಮನೆಯೊಳಗೆ ಅರ್ಧ ಗಂಟೆ ಇರಿ. ಬೆರಳು ಆಡಬೇಕು, ಹಿಮ್ಮಡಿ ಏಳಬಾರದು. ಆನ್‌ಲೈನ್‌ನಲ್ಲಿ ತರಿಸಿದ್ದರೆ ಈ ಪರೀಕ್ಷೆ ಮುಗಿಯುವವರೆಗೆ ಕ್ಲೀಟ್ ಕೂರಿಸಬೇಡಿ. ತಳದಲ್ಲಿ ಗೀರು ಬಿದ್ದ ಶೂವನ್ನು ವಾಪಸು ತೆಗೆದುಕೊಳ್ಳದೇ ಇರಬಹುದು.

ಹೊಸದು ಕೊಳ್ಳಲು ಆಗದವರಿಗೆ ಇರುವ ಶೂವಿನಲ್ಲೇ ಸ್ವಲ್ಪ ಆರಾಮ ಮಾಡಿಕೊಳ್ಳುವ ದಾರಿಗಳಿವೆ. ಲೇಸ್ ಇರುವ ಶೂ ಆದರೆ ಬೆರಳ ಕಡೆಯ ಮೊದಲ ಜೋಡಿ ತೂತನ್ನು ಬಿಟ್ಟು ಲೇಸ್ ಹಾಕಿ. ಪಟ್ಟಿ ಇದ್ದರೆ ಮುಂದಿನದನ್ನು ಸಡಿಲ ಬಿಟ್ಟು ಮೇಲಿನದನ್ನು ಬಿಗಿ ಮಾಡಿ. ದಪ್ಪ ಕಾಲುಚೀಲದ ಬದಲು ತೆಳ್ಳನೆಯದು ಹಾಕಿ. ಒಳಗಿನ ಮೆತ್ತೆ ದಪ್ಪವಿದ್ದರೆ ತೆಳುವಾದದ್ದು ಕೂರಿಸಿ. ಕ್ಲೀಟನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಪಾದದ ಮುಂಭಾಗದ ಒತ್ತಡ ಕಡಿಮೆಯಾಗುತ್ತದೆ. ಇಷ್ಟಾದರೂ ಸೈಕಲ್ ಇಳಿದ ಮೇಲೆ ಗಂಟೆಗಟ್ಟಲೆ ಜೋಮು ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಒಂದು ದಿನವೂ ತಡ ಮಾಡಬೇಡಿ.

ಎಲ್ಲರಿಗೂ ಇದು ಬೇಕೇ?

ಬೇಡ. ಹಾಲು ಹಾಕಲು, ಶಾಲೆಗೆ, ಸಂತೆಗೆ ಹೋಗುವವರಿಗೆ ಸಾದಾ ಪೆಡಲ್ ಸಾಕು. ನೋಡಿದವರು ಮೆಚ್ಚಲಿ ಎಂದು ಸಾವಿರಾರು ರೂಪಾಯಿ ಕೊಟ್ಟು ಕಾಲು ಕಟ್ಟಿಹಾಕಿಕೊಳ್ಳುವ ಅಗತ್ಯವಿಲ್ಲ. ದೂರ ಪ್ರಯಾಣದ ಹವ್ಯಾಸ ಇರುವವರು ಎರಡು ಬೋಲ್ಟಿನ ಕ್ಲೀಟ್ ಕೂರುವ, ಲೇಸ್ ಇರುವ ಶೂ ನೋಡಲಿ. ಅದರಲ್ಲಿ ಕ್ಲೀಟ್ ತಳದೊಳಗೆ ಹುದುಗಿರುತ್ತದೆ, ಇಳಿದು ನಡೆಯಬಹುದು. ರಸ್ತೆ ರೇಸಿನ ಮೂರು ಬೋಲ್ಟಿನ ಶೂಗಳಿಗಿಂತ ಇವುಗಳಲ್ಲಿ ಸಾಮಾನ್ಯವಾಗಿ ಬೆರಳಿಗೆ ಜಾಗವೂ ಹೆಚ್ಚು.

ಆದರೆ ರೇಸ್ ಮಾಡುವ ಮಕ್ಕಳಿಗೆ ಆಯ್ಕೆ ಇಲ್ಲ. ಅವರು ದಿನಕ್ಕೆ ಎರಡು ಮೂರು ಗಂಟೆ ಈ ಶೂವಿನಲ್ಲೇ ಇರುತ್ತಾರೆ. ಹಿರಿಯ ಸವಾರರು ಬಿಟ್ಟ ಹಳೆಯ ಶೂ ಸಿಕ್ಕರೆ ಅದೇ ಭಾಗ್ಯ ಎಂದುಕೊಳ್ಳುತ್ತಾರೆ. ನೋಯುತ್ತದೆ ಎಂದು ಬಾಯಿ ಬಿಟ್ಟರೆ ‘ಇಷ್ಟಕ್ಕೇ ಅಳ್ತೀಯಾ’ ಎನ್ನುತ್ತಾರೆ ಎಂಬ ಅಂಜಿಕೆ ಬೇರೆ. ತುಳಿಯುವುದು ಕಡಿಮೆಯಾಗುತ್ತದೆ, ಸಮಯ ಹಿಂದೆ ಬೀಳುತ್ತದೆ. ‘ಈ ಹುಡುಗನಲ್ಲಿ ದಮ್ ಇಲ್ಲ’ ಎಂದು ಬರೆದುಬಿಡುತ್ತೇವೆ. ಶೂ ಬಿಚ್ಚಿಸಿ ಕಾಲು ನೋಡಿದವರು ಎಷ್ಟು ಮಂದಿ?

ದುಡ್ಡಿಲ್ಲ ಎಂಬ ಉತ್ತರ ಬರುತ್ತದೆ. ಒಪ್ಪುತ್ತೇನೆ, ಈ ಆಟವೇ ದುಬಾರಿ. ಆದರೆ ಶೂ ಹೇಗೂ ಕೊಡಿಸುವಾಗ ಸರಿಯಾದ ಅಳತೆ ಬರೆಯಲು ಎಷ್ಟು ಖರ್ಚು? ಅಗಲದ ಮಾದರಿ ಇರುವ ಕಡೆ ಅದು ಅದೇ ಶೂವಿನ ಇನ್ನೊಂದು ಅಳತೆ ಅಷ್ಟೆ. ನಂಬರ್ ಮಾತ್ರ ಬರೆದು ಇಪ್ಪತ್ತು ಜೋಡಿ ತರಿಸಿ, ಅದರಲ್ಲಿ ಐದು ಜೋಡಿ ಮೂಲೆ ಸೇರಿದರೆ ಅದು ಉಳಿತಾಯವೇ?

ಕಾಲು ನೋಡಿ ಹೊಲಿದ ನಾಡು

ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಮಾನ್ಯತೆ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಕರ್ನಾಟಕದ 4 ಜಿಲ್ಲೆಗಳಿಗೂ ಸಿಕ್ಕಿದೆ: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಸೈಕಲ್ ಸವಾರರು ಹುಟ್ಟುವ ನೆಲವೂ, ಚಪ್ಪಲಿ ಹೊಲಿಯುವ ಕೈಗಳಿರುವ ನೆಲವೂ ಒಂದೇ. ಗಿರಾಕಿಯ ಕಾಲು ನೋಡಿ, ಅಳತೆ ತೆಗೆದುಕೊಂಡು ಹೊಲಿದುಕೊಡುವ ಪದ್ಧತಿ ಈ ಕಸುಬಿನಲ್ಲಿ ಹಳೆಯದು. ಆ ಕೆಲಸಗಾರರು ಕಾರ್ಬನ್ ತಳದ ಶೂ ಮಾಡಿಕೊಡಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಪಾದ ಅಳೆಯುವ ಕಲೆ ಇರುವ ಊರಿನಲ್ಲಿ ಮಕ್ಕಳ ಪಾದ ಅಳೆಯದೆ ಶೂ ಕೊಡುವುದು ಸರಿಯೇ ಎಂದು ಕೇಳುತ್ತಿದ್ದೇನೆ.

ಆಗಬೇಕಾದ್ದು ದೊಡ್ಡದೇನಲ್ಲ. ಹಾಸ್ಟೆಲ್ ಇರಲಿ, ಕ್ಲಬ್ ಇರಲಿ, ಪ್ರತಿ ಮಗುವಿನ ಎರಡೂ ಕಾಲಿನ ಉದ್ದ ಅಗಲ ಬರೆದ ಒಂದು ಹಾಳೆ ಇಡಲಿ. ಬೆಳೆಯುವ ಮಕ್ಕಳು, ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಲಿ. ಶೂ ಖರೀದಿಯ ಪಟ್ಟಿಯಲ್ಲಿ ನಂಬರಿನ ಪಕ್ಕ ಅಗಲಕ್ಕೂ ಒಂದು ಕಾಲಂ ಹಾಕಲಿ. ಶೂ ದಾನ ಮಾಡುವ ದೊಡ್ಡ ಮನಸ್ಸಿನವರು ಮೊದಲು ಆ ಹಾಳೆ ಕೇಳಿ ಪಡೆದು ಆಮೇಲೆ ಅಂಗಡಿಗೆ ಹೋಗಲಿ. ಅಭ್ಯಾಸ ಮುಗಿದ ಮೇಲೆ ಕೋಚ್‌ಗಳು ವಾರಕ್ಕೊಮ್ಮೆಯಾದರೂ ಮಕ್ಕಳ ಬರಿಗಾಲು ನೋಡಲಿ. ಕೆಂಪಾದ ಗಂಟು, ಗುಳ್ಳೆ, ಆಣಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಪಾಲಕರಿಗೂ ಒಂದು ಮಾತು. ನಿಮ್ಮ ಮಗ ಅಥವಾ ಮಗಳು ಸೈಕ್ಲಿಂಗ್ ಹಾಸ್ಟೆಲಿನಲ್ಲಿದ್ದರೆ ಮುಂದಿನ ಸಲ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ಸೈಕಲ್ ಇಳಿದ ಮೇಲೆ ಕಾಲು ಜೋಮು ಹಿಡೀತದೇನು?’ ಹೌದು ಎಂದರೆ ಬೈಯಬೇಡಿ, ‘ತಡ್ಕೋ’ ಎನ್ನಬೇಡಿ. ಕಾಲಿನ ಉದ್ದ ಅಗಲ ಅಳೆದು ಕಳಿಸು ಎನ್ನಿ, ಆ ಅಳತೆ ಇಟ್ಟುಕೊಂಡು ಕೋಚ್ ಜೊತೆ ಮಾತಾಡಿ.